ಬುಧವಾರದ ಬಾಣಲೆ

ಠಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ, ರಿಕ್ಷಾಗಳ ಸಾಲು ಮುಗಿಯುವಲ್ಲಿ, ಪುಂಡರೀಕಾಕ್ಷ ರಾಯರ ಸಸ್ಯಾಹಾರಿ ಹೋಟೆಲು ಇತ್ತು. ಅದರ ಗಲ್ಲೆಯ ಮೇಲೆ ಬಿಲ್ಲಿನ ಹಣ ಎಣಿಸುತ್ತಾ ಲೀಲಾಧರ ಇಪ್ಪತ್ತೇಳು ವರ್ಷ ಕೂತಿದ್ದ. ಅದಕ್ಕೂ ಮೊದಲು ಹನ್ನೊಂದು ವರ್ಷ ಅಲ್ಲಿಯೇ ಸಪ್ಲೈಯರ್ ಆಗಿ ತಟ್ಟೆ ಹೊತ್ತಿದ್ದ. ಗಿರಾಕಿ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಅವರಿಗೆ ಏನು ಬೇಕೆಂದು ಅವನಿಗೆ ತಿಳಿಯುತ್ತಿತ್ತು. ಕೋರ್ಟಿನ ವಕೀಲರಿಗೆ ಸಕ್ಕರೆ ಕಡಿಮೆ, ಡಿಕಾಕ್ಷನ್ ಹೆಚ್ಚು. ಬ್ಯಾಂಕಿನ ಜೈನ ಮೇಡಂಗೆ ಈರುಳ್ಳಿ ಬೀಳದ ಉಪ್ಪಿಟ್ಟು. ಕಲ್ಯಾಣದಿಂದ ಬರುವ ರೈಲ್ವೆ ಟಿಸಿಗೆ ದೋಸೆ ಕಡಕ್ಕಾಗಿ, ಪಲ್ಯ ಬದಿಯಲ್ಲಿ. ಹೊಸಬರು ಬಂದರೆ ಮುಖ ನೋಡಿ, ಮರಾಠಿಗೆ ಮರಾಠಿ, ಹಿಂದಿಗೆ ಹಿಂದಿ, ನಮ್ಮವರಾದರೆ ಕನ್ನಡ ಅಥವಾ ತುಳುವಿನಲ್ಲಿ, ಏನು ಬೇಕೆಂದು ಕೇಳುತ್ತಿದ್ದ. ಗಿರಾಕಿ ಹೇಳಿದ್ದು ಹೋಗಬೇಕು, ಹೇಳದ್ದು ಒಂದು ಕಾಳೂ ಹೋಗಬಾರದು ಎನ್ನುವುದು ಅವನ ಕಟ್ಟುನಿಟ್ಟು. ಹೊಸದಾಗಿ ಸೇರಿದ ಸಪ್ಲೈಯರ್‌ಗಳಿಗೆ ಮೊದಲ ದಿನವೇ ಈ ಪಾಠ ಆಗುತ್ತಿತ್ತು.

ಇಷ್ಟೆಲ್ಲ ಬಲ್ಲವನಿಗೆ ಮನೆಯಲ್ಲಿ ಹೆಂಡತಿ ಏನು ತಿನ್ನಲು ಇಷ್ಟಪಡುತ್ತಿದ್ದಳು ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಅವನಿಗೆ ಗೊತ್ತಾದದ್ದು ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾದ ಮೇಲೆ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ರತ್ನಾವತಿ ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದವಳು ಹಾಗೆಯೇ ಪಕ್ಕಕ್ಕೆ ವಾಲಿದಳು. ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಹೋಟೆಲಿನ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿ ಲೀಲಾಧರ ಮನೆಯಲ್ಲಿ ಕೂತು ಆಗ ಎರಡು ವರ್ಷವಾಗಿತ್ತು. ಅವಳು ಹೋದ ಮೇಲೆ ವರ್ತಕ ನಗರದ ಎರಡನೇ ಮಾಳಿಗೆಯ ಒಂದು ಬೆಡ್‌ರೂಮಿನ ಮನೆಯಲ್ಲಿ ಅವನೊಬ್ಬನೇ. ಮಗ ರಂಜನ್, ಸೊಸೆ ಸೋನಾಲಿ ಘಣಸೋಲಿಯಲ್ಲಿ. ಊಟಕ್ಕೆ ಡಬ್ಬಿ ಬರುತ್ತಿತ್ತು. ಚಹಾ ಮಾತ್ರ ಅವನೇ ಮಾಡಿಕೊಳ್ಳುತ್ತಿದ್ದ.

ತುಳುವರಿಗೆ ಆಷಾಢದ ಆಸುಪಾಸಿನ ಆಟಿ ತಿಂಗಳು ಸತ್ತವರನ್ನು ನೆನೆಯುವ ತಿಂಗಳು. ಮನೆಯಲ್ಲಿ ತೀರಿಹೋದವರಿಗೆ, ಅಂದರೆ ಕುಲೆಗಳಿಗೆ, ಬಡಿಸುವ ಕ್ರಮವೊಂದು ಉಂಟು. ಹೋದವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಮಾಡಬೇಕು. ಮಾಡುವಾಗ ರುಚಿ ನೋಡಬಾರದು. ಎಲೆಗೆ ಬಡಿಸಿ, ನೀರಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಕೂರಬೇಕು. ಸ್ವಲ್ಪ ಹೊತ್ತು ಬಿಟ್ಟು, ಒಮ್ಮೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಆಮೇಲೆ ಮನೆಯವರ ಊಟ. ಊರಿನಲ್ಲಿ ಚಾವಡಿ ಇದ್ದವರು ಚಾವಡಿಯಲ್ಲಿ ಮಾಡುತ್ತಾರೆ, ಮುಂಬೈ ಕಡೆಯವರು ಬೆಡ್‌ರೂಮಿನಲ್ಲಿ ಮಾಡುತ್ತಾರೆ. ಹೋದ ವರ್ಷ, ತೀರಿಕೊಂಡು ವರ್ಷ ತುಂಬಿರಲಿಲ್ಲವೆಂದು, ರತ್ನಾವತಿಗೆ ಬಡಿಸಿರಲಿಲ್ಲ. ಈ ಸಲದ್ದು ಮೊದಲನೆಯದು.

ಡೊಂಬಿವಿಲಿಯಲ್ಲಿದ್ದ ಲೀಲಾಧರನ ಅಕ್ಕ ಜಯಲತಾ ಹದಿನೈದು ದಿನ ಮೊದಲೇ ಫೋನು ಮಾಡಿ ದಿನ ಗೊತ್ತು ಮಾಡಿದಳು. ಅಮಾವಾಸ್ಯೆಗೆ ಮುಂಚಿನ ಭಾನುವಾರ. ರತ್ನನಿಗೆ ಏನೇನು ಇಷ್ಟ ಇತ್ತು, ಬರೆದು ಕಳಿಸು ಎಂದಳು. ಲೀಲಾಧರ ಕನ್ನಡಕ ಹಾಕಿಕೊಂಡು ವಾಟ್ಸಾಪಿನಲ್ಲಿ ಬರೆದ: ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ, ಚಿಪ್ಪುಮೀನಿನ ಮರುವಾಯಿ ಸುಕ್ಕ, ಗೋಳಿಬಜೆ. ಬರೆದು ತೃಪ್ತಿಯಾಯಿತು. ಎರಡು ನಿಮಿಷದಲ್ಲಿ ಅಕ್ಕನ ಫೋನು ಬಂತು.

“ಇದು ನಿನ್ನ ಪಟ್ಟಿ ಅಲ್ವನಾ ಲೀಲಾ? ಮರುವಾಯಿ ಮುಟ್ಟಿದರೆ ಅವಳಿಗೆ ಮೈಯೆಲ್ಲ ತುರಿಸ್ತಿತ್ತು. ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿ ಅದೂ ಗೊತ್ತಿಲ್ವಾ ನಿನಗೆ?”

ಅವನಿಗೆ ಗೊತ್ತಿರಲಿಲ್ಲ. ರಂಜನನಿಗೆ ಫೋನು ಮಾಡಿ ಕೇಳಿದ. ರಂಜನ್ ಒಂದು ಕ್ಷಣವೂ ತಡೆಯದೆ, ಅಂಜಲ್ ಮೀನಿನ ಫ್ರೈ, ನೀರುದೋಸೆ, ಶ್ಯಾವಿಗೆ ಎಂದ. ಹೇಳಿ ಮುಗಿಸಿದ ಮೇಲೆ ಅವನಿಗೇ ಹೊಳೆಯಿತು. ಅವೆಲ್ಲ ಶಾಲೆ ಬಿಟ್ಟು ಬಂದಾಗ ಅವನು ಹಟ ಮಾಡಿ ಮಾಡಿಸಿಕೊಳ್ಳುತ್ತಿದ್ದ ತಿಂಡಿಗಳು. ಅಕ್ಕನನ್ನೇ ಕೇಳೋಣವೆಂದರೆ, ಅವಳು ಹೇಳಿದ ಪತ್ರೊಡೆ ಅವಳದೇ ಬಾಯಿಚಪಲ. ಹೀಗೆ ಒಬ್ಬೊಬ್ಬರೂ ತಮ್ಮ ನಾಲಿಗೆಯನ್ನೇ ರತ್ನಾವತಿಯ ಬಾಯಲ್ಲಿ ಇಟ್ಟರು. ಅವಳು ಮಾತ್ರ ಎಲ್ಲಿಯೂ ಸಿಗಲಿಲ್ಲ.

ಲೀಲಾಧರನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವಳಿಗೆಂದು ಹಾಕುವ ಮೊದಲ ಎಲೆಯಲ್ಲಿ ತನಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಹಾಕಿ, ಆಮೇಲೆ ತಾನೇ ಕೂತು ಉಣ್ಣುವುದೆಂದರೆ ಅದು ಮೂವತ್ತೊಂಬತ್ತು ವರ್ಷ ನಡೆದದ್ದೇ ಇನ್ನೊಂದು ಸಲ ನಡೆದಂತೆ. ಇದೊಂದು ಎಲೆಯಾದರೂ ಸರಿಯಾಗಬೇಕು ಎಂದು ಅವನ ಮನಸ್ಸು ಹಟ ಹಿಡಿದು ಕೂತಿತು.

ದಾರಿ ತೋರಿಸಿದವಳು ಸೊಸೆ. ಸೋನಾಲಿ ಕಲ್ಯಾಣದ ಮರಾಠಿ ಮನೆಯ ಹುಡುಗಿ. ನಾಲ್ಕು ವರ್ಷದ ಹಿಂದೆ ಹೆರಿಗೆಯಾದಾಗ ಐದು ತಿಂಗಳು ಇದೇ ಮನೆಯಲ್ಲಿ ಇದ್ದಳು. ರಂಜನನ ಕೈಯಿಂದ ಫೋನು ತೆಗೆದುಕೊಂಡು, ಆಯಿಗೆ, ಅಂದರೆ ಅತ್ತೆಗೆ, ಇಷ್ಟವಾದದ್ದು ಕೀಮಾ ಬಟಾಟೆ ಎಂದಳು. ಕೋಳಿಯ ಕೀಮಾ, ಬಟಾಟೆ, ಒಂದೇ ಬಾಣಲೆಯಲ್ಲಿ. ಪ್ರತಿ ಬುಧವಾರ ಮಧ್ಯಾಹ್ನ ಗಂಡಸರು ಯಾರೂ ಇಲ್ಲದ ಹೊತ್ತಿನಲ್ಲಿ ಆಯಿ ಅದನ್ನು ಮಾಡುತ್ತಿದ್ದಳಂತೆ. ಅಡಿಗೆಮನೆಯ ನೆಲದ ಮೇಲೆ ಕೂತು, ಬಾಣಲೆಯನ್ನು ನಡುವೆ ಇಟ್ಟುಕೊಂಡು, ಅತ್ತೆ ಸೊಸೆ ಇಬ್ಬರೂ ಪಾವ್ ಅದ್ದಿ ತಿನ್ನುತ್ತಿದ್ದರಂತೆ. ತಳದಲ್ಲಿ ಹಿಡಿದ ಕೆಂಪು ಚಕ್ಕೆಯನ್ನು ಆಯಿ ಸೌಟಿನಿಂದ ಕೆರೆದು ತಿನ್ನುತ್ತಿದ್ದಳಂತೆ. ಸಂಜೆಯೊಳಗೆ ಬಾಣಲೆ ತೊಳೆದು ಮೊಳೆಗೆ ನೇತುಹಾಕಿ ಆಗುತ್ತಿತ್ತು. ಬಾಬಾ ಮನೆಯಲ್ಲಿ ಕೂತ ಮೇಲೆ ಅದು ನಿಂತುಹೋಯಿತಂತೆ.

ಮನೆಯಲ್ಲಿ ಕೀಮಾ ಆಗುತ್ತಿತ್ತು ಎಂಬುದೇ ಲೀಲಾಧರನಿಗೆ ಹೊಸ ಸುದ್ದಿ. ಅವಳಿಗೆ ಅದೇ ಯಾಕೆ ಇಷ್ಟ ಎಂದು ಕೇಳಿದ.

“ಆಯಿ ಹೇಳ್ತಿದ್ರು ಬಾಬಾ,” ಸೋನಾಲಿ ಹೊಂದಿಸಿ ಹೊಂದಿಸಿ ಕನ್ನಡದಲ್ಲಿಯೇ ಹೇಳಿದಳು, “ಕೀಮಾದಲ್ಲಿ ಒಳ್ಳೆ ಪೀಸು ಯಾರಿಗೆ ಅಂತ ನೋಡೋದು ಬೇಡ. ಎಲ್ಲಾ ಸೇಮ್.”

ಲೀಲಾಧರ ಫೋನು ಇಟ್ಟು ಬಹಳ ಹೊತ್ತು ಕಿಟಕಿಯ ಹತ್ತಿರ ನಿಂತ. ಭಾನುವಾರದ ಕೋಳಿಯಲ್ಲಿ ಕಾಲಿನ ತುಂಡು ಎರಡು. ಒಂದು ಅವನಿಗೆ, ಒಂದು ರಂಜನನಿಗೆ. ಅದು ಯಾರೂ ಮಾಡಿದ ಕಾನೂನಲ್ಲ. ಅವನ ಅಪ್ಪನ ಮನೆಯಲ್ಲಿಯೂ ಹಾಗೆಯೇ ಇತ್ತು. ರತ್ನಾವತಿ ಕೊನೆಗೆ ಕೂರುತ್ತಿದ್ದಳು. ಅವಳ ತಟ್ಟೆಯಲ್ಲಿ ಯಾವ ತುಂಡು ಇರುತ್ತಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಅವಳ ತಟ್ಟೆಯೇ ಕಣ್ಣಿಗೆ ಬರಲಿಲ್ಲ.

ಜಯಲತಾ ಅಕ್ಕನಿಗೆ ಕೀಮಾದ ಮಾತು ಹಿಡಿಸಲಿಲ್ಲ. ಕುಲೆಗಳಿಗೆ ಬಡಿಸುವ ಎಲೆಗೆ ಯಾರಾದರೂ ಕೀಮಾ ಹಾಕಿದ್ದು ಉಂಟಾ, ನೆಂಟರು ಕೇಳಿದರೆ ಏನು ಹೇಳುವುದು ಎಂದಳು. ತಾನು ಡೊಂಬಿವಿಲಿಯಿಂದ ಕೋಳಿಸಾರು ಮಾಡಿ ತರುತ್ತೇನೆ, ಒಣರೊಟ್ಟಿ ಮಾಟುಂಗದ ಅಂಗಡಿಯಿಂದ ಬರುತ್ತದೆ, ಅಷ್ಟು ಸಾಕು ಎಂದಳು. ಲೀಲಾಧರ ಅಕ್ಕನ ಮಾತನ್ನು ಅದುವರೆಗೆ ಮೀರಿದವನಲ್ಲ. ಈ ಸಲ, ನೀನು ಸಾರು ತಾ, ಕೀಮಾ ನಾನು ಮಾಡುತ್ತೇನೆ ಎಂದುಬಿಟ್ಟ. ಅಕ್ಕ ನಕ್ಕಳು. ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಕಳೆದವನು ಒಲೆಯ ಹತ್ತಿರ ನಿಂತದ್ದು ಬೀಡಿ ಹಚ್ಚಿಕೊಳ್ಳುವುದಕ್ಕೆ ಮಾತ್ರ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿಯ ಮುಂದೆ ರಸ್ತೆಯವರೆಗೂ ಕ್ಯೂ. ಅಮಾವಾಸ್ಯೆ ಕಳೆದರೆ ಮರಾಠಿಗರಿಗೆ ಶ್ರಾವಣ. ತಿಂಗಳಿಡೀ ಬಿಡಬೇಕಾದದ್ದನ್ನು ಒಂದೇ ವಾರದಲ್ಲಿ ತಿಂದು ಮುಗಿಸುವ ಉತ್ಸಾಹದಲ್ಲಿ ಊರಿಗೆ ಊರೇ ಕೊಡೆ ಹಿಡಿದು ನಿಂತಿತ್ತು. ಲೀಲಾಧರ ಆ ಅಂಗಡಿಗೆ ಬಂದದ್ದು ಅದೇ ಮೊದಲು. ಭಾನುವಾರವೆಂದರೆ ಹೋಟೆಲಿಗೆ ಭರ್ತಿ ದಿನ. ಕೋಳಿ ತರುವುದೆಲ್ಲ ರತ್ನಾವತಿಯದೇ ಕೆಲಸವಾಗಿತ್ತು. ಅವನ ಕೈಯಲ್ಲಿ ಅಡಿಗೆಮನೆಯ ಬಾಗಿಲ ಹಿಂದೆ ತೂಗಿದ್ದ ನೀಲಿ ಬಟ್ಟೆಯ ಚೀಲ ಇತ್ತು. ಹೋಟೆಲಿಗೆ ಇಪ್ಪತ್ತೈದು ತುಂಬಿದಾಗ ರಾಯರು ಹಂಚಿದ ಚೀಲ ಅದು.

ಸರದಿ ಬಂದಾಗ, ಅರ್ಧ ಕಿಲೋ ಕೀಮಾ ಎಂದ. ಅಂಗಡಿಯವನು ಚೀಲ ನೋಡಿದ, ಆಮೇಲೆ ಮುಖ ನೋಡಿದ. ಈ ಚೀಲ ಕಾಕಿಯದಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ತಾನು ಅವಳ ಗಂಡ ಎಂದ ಲೀಲಾಧರ. ಕಾಕಿ ಬಹಳ ದಿನದಿಂದ ಕಾಣಲಿಲ್ಲ, ಮಗನ ಮನೆಗೆ ಹೋದರೋ ಎಂದು ಅವನು ಕೇಳಿದಾಗ ಲೀಲಾಧರ ವಿಷಯ ಹೇಳಿದ. ಅಂಗಡಿಯವನು ಕತ್ತಿಯನ್ನು ಮರದ ಕೊರಡಿನ ಮೇಲಿಟ್ಟ. ಹಿಂದಿನ ಕ್ಯೂ ಗೊಣಗಿತು. ಆಮೇಲೆ ಅವನು ಕೇಳದೆಯೇ ನಾಲ್ಕು ಕಾಲಿನ ತುಂಡು ತೆಗೆದು ಎಲುಬು ಬಿಡಿಸತೊಡಗಿದ. ಲೀಲಾಧರ, ಕೀಮಾ ಬೇಕಾದದ್ದು, ಕಾಲು ಬೇಡ ಎಂದ.

“ಕಾಕಿ ಹಮೇಶಾ ಲೆಗ್ ಕಾ ಹೀ ಕೀಮಾ ಲೇತೀ ಥೀ,” ಎಂದ ಅಂಗಡಿಯವನು.

ಬುಧವಾರ ಬುಧವಾರ ಬಂದು, ಕಾಲಿನ ಮಾಂಸವೇ ಆಗಬೇಕು, ಬೇರೆ ಸೇರಿಸಿದರೆ ಮುಂದಿನ ವಾರ ಬರುವುದಿಲ್ಲ ಎಂದು ಹೆದರಿಸುತ್ತಿದ್ದಳಂತೆ. ಎದುರಿಗೆ ನಿಂತು ಬಿಡಿಸಿ, ಕೊಚ್ಚಿಸಿ ಒಯ್ಯುತ್ತಿದ್ದಳಂತೆ.

ಮನೆಗೆ ನಡೆಯುವಾಗ ಲೀಲಾಧರನಿಗೆ ಮೊದಲು ಬಂದದ್ದು ನಗು. ಅಬ್ಬ ಇವಳೇ! ಭಾನುವಾರ ಕಾಲು ಎರಡನ್ನೂ ಗಂಡನಿಗೂ ಮಗನಿಗೂ ಹಾಕಿ, ಬುಧವಾರ ನಾಲ್ಕು ಕಾಲು ಕೊಚ್ಚಿಸಿಕೊಂಡು ಗುರುತೇ ಸಿಗದ ಹಾಗೆ ತಿನ್ನುತ್ತಿದ್ದಳು. ವರ್ತಕ ನಗರದ ನಾಕಾ ದಾಟುವ ಹೊತ್ತಿಗೆ ಆ ನಗು ಹೋಯಿತು. ಅವಳಿಗೆ ಕಾಲಿನ ತುಂಡು ಇಷ್ಟವಿತ್ತು. ಕೇಳಿದ್ದರೆ ಕೊಡುತ್ತಿದ್ದೆ ಎಂದುಕೊಂಡ. ಅವಳು ಯಾಕೆ ಕೇಳಬೇಕಿತ್ತು, ಗಿರಾಕಿಗಳು ಕೇಳಲೆಂದು ಅವನೇನು ಕಾಯುತ್ತಿದ್ದನೇ, ಅವನೇ ಮೊದಲು ಕೇಳುತ್ತಿರಲಿಲ್ಲವೇ ಎಂಬುದೂ ಹಿಂದೆಯೇ ಹೊಳೆಯಿತು. ಮೆಟ್ಟಿಲು ಹತ್ತುವಾಗ ಅವನು ಎರಡು ಸಲ ನಿಂತ.

ಸೋನಾಲಿ ಬಂದು ಪಕ್ಕದಲ್ಲಿ ನಿಂತು ಹೇಳಿಕೊಡುವುದೆಂದು ಮಾತಾಗಿತ್ತು. ಮಗುವನ್ನು ಕಲ್ಯಾಣದ ಅಜ್ಜಿಯ ಹತ್ತಿರ ಬಿಟ್ಟು ಅವರಿಬ್ಬರೂ ಹತ್ತಕ್ಕೆ ಬರಬೇಕಿತ್ತು. ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಯಾರ ಮನೆಯ ಕುಲೆಗಳನ್ನೂ ಕೇಳುವುದಿಲ್ಲ. ಗಾಡಿ ಇಲ್ಲ, ಬಸ್ಸು ಹಿಡಿಯುತ್ತೇವೆ, ತಡವಾಗುತ್ತದೆ ಎಂದು ಸೋನಾಲಿ ಫೋನು ಮಾಡಿದಳು. ಮಾಡುವ ಕ್ರಮವನ್ನೆಲ್ಲ ಧ್ವನಿಯಲ್ಲಿ ಹೇಳಿ ವಾಟ್ಸಾಪಿಗೆ ಕಳಿಸಿದಳು. ಲೀಲಾಧರ ಅದನ್ನು ಮೂರು ಸಲ ಕೇಳಿ, ಹಳೆಯ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೊಂದಾಗಿ ಬರೆದುಕೊಂಡು, ಹಾಳೆಯನ್ನು ಗೋಡೆಗೆ ಅಂಟಿಸಿದ. ಈಗ ಅದೊಂದು ಆರ್ಡರು. ಆರ್ಡರಿಗೆ ಅವನು ಹೆದರುವವನಲ್ಲ.

ಮೊಳೆಯಿಂದ ಬಾಣಲೆ ಇಳಿಸಿ ತೊಳೆದ. ಮೂರು ಬಟಾಟೆಯನ್ನು ಬೆರಳಿನ ಗಿಣ್ಣಿನಷ್ಟು ಸಣ್ಣಗೆ ಹೆಚ್ಚಿದ. ತೆಂಗಿನೆಣ್ಣೆ ಕಾದ ಮೇಲೆ ಎರಡು ಈರುಳ್ಳಿ, ಅದು ಕೆಂಪಾದ ಮೇಲೆ ಜಜ್ಜಿದ ಶುಂಠಿ ಬೆಳ್ಳುಳ್ಳಿ, ಸೀಳಿದ ಹಸಿಮೆಣಸು. ಬಟಾಟೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ನೀರು ಹೊಯ್ದ. ಸೋನಾಲಿ ಹಾಗೆಯೇ ಹೇಳಿದ್ದಳು, ತಳ ಹಿಡಿಯದೆ ಬೇಯುತ್ತದಂತೆ. ಬಟಾಟೆ ಅರೆಬೆಂದಾಗ ಕೀಮಾ ಸುರಿದು ಮರದ ಸೌಟಿನಿಂದ ಉಂಡೆ ಒಡೆದ. ಅರಿಶಿನ, ಡಬ್ಬದಲ್ಲಿದ್ದ ಮಸಾಲೆ ಪುಡಿ ಎರಡು ಚಮಚ, ಕೈಯಲ್ಲಿ ಚಿಮುಕಿಸಿದಷ್ಟು ನೀರು. ಗುಲಾಬಿ ಬಣ್ಣದ ಮಾಂಸ ಬೆಳ್ಳಗಾಗಿ, ಆಮೇಲೆ ಕಂದಾಯಿತು. ನೀರು ಆರಿ ಎಣ್ಣೆ ಬಿಟ್ಟ ಮೇಲೆ ಉರಿ ಸಣ್ಣಗೆ ಮಾಡಿ, ತಳ ಕೆಂಪಗೆ ಹಿಡಿಯುವವರೆಗೆ ಮುಟ್ಟದೆ ಬಿಡಬೇಕು ಎಂದು ಹಾಳೆಯಲ್ಲಿತ್ತು. ಅವನು ಕೈಕಟ್ಟಿ ನಿಂತ. ಕೊನೆಗೆ ಕೊತ್ತಂಬರಿ, ಲಿಂಬೆ. ಹಾಳೆಯ ಒಂದೊಂದು ಸಾಲಿಗೂ ಪೆನ್ಸಿಲಿನಲ್ಲಿ ಗೀಟು ಎಳೆದ. ಹೇಳಿದ್ದೆಲ್ಲ ಹೋಗಿತ್ತು, ಹೇಳದ್ದು ಒಂದೂ ಹೋಗಿರಲಿಲ್ಲ. ಪರಿಮಳಕ್ಕೆ ಎದುರುಮನೆಯ ಚಂದ್ರಬಾಯಿ ಬಾಗಿಲು ತೆರೆದು ನೋಡಿದಳು. ರುಚಿ ನೋಡುವ ಹಾಗಿರಲಿಲ್ಲ, ನೋಡಲಿಲ್ಲ.

ಹನ್ನೆರಡೂವರೆಗೆ ಜಯಲತಾ ಸಾರಿನ ಡಬ್ಬಿ ಹಿಡಿದು ಬಂದಳು. ಅವಳ ಹಿಂದೆಯೇ ರಂಜನ್, ಸೋನಾಲಿ, ಬಸ್ಸಿನಲ್ಲಿ ನೆನೆದುಕೊಂಡು. ಬೆಡ್‌ರೂಮಿನ ನೆಲ ಒರೆಸಿ ಎಲೆ ಹಾಕಿದರು. ಜಯಲತಾ ಬಡಿಸಿದಳು: ಅನ್ನ, ರೊಟ್ಟಿ, ಮೇಲೆ ಸಾರು. ಸಾರಿನಿಂದ ಒಂದು ತುಂಡು ಆರಿಸಿ ಎಲೆಗೆ ಹಾಕಿದಳು. ಲೀಲಾಧರ ಬಗ್ಗಿ ನೋಡಿದ. ಬೆನ್ನಿನ ತುಂಡು. ಅಕ್ಕ ಕೆಟ್ಟವಳಲ್ಲ, ಅವಳ ಕೈಗೆ ಅದೇ ಅಭ್ಯಾಸ. ಕಾಲು ಎರಡೂ ಡಬ್ಬಿಯಲ್ಲಿ ಗಂಡಸರಿಗೆಂದು ಉಳಿದಿದ್ದವು. ಲೀಲಾಧರ ಡಬ್ಬಿಯಿಂದ ಒಂದು ಕಾಲು ತೆಗೆದು ಎಲೆಗೆ ಹಾಕಿದ. ಅಕ್ಕ ಅವನ ಮುಖ ನೋಡಿ ಬೆನ್ನಿನ ತುಂಡನ್ನು ಡಬ್ಬಿಗೆ ತಿರುಗಿ ಹಾಕಿದಳು. ಆಮೇಲೆ ಅವನು ಬಾಣಲೆಯನ್ನೇ ತಂದು ಕೀಮಾ ಬಡಿಸಿ, ತಳದ ಕೆಂಪು ಚಕ್ಕೆಯನ್ನು ಕೆರೆದು ಮೇಲಿಟ್ಟ. ಪಕ್ಕಕ್ಕೆ ಎರಡು ಪಾವ್. ನೀರಿನ ಲೋಟ ಇಟ್ಟು, ಕೈಮುಗಿದು, ಬಾಗಿಲು ಎಳೆದುಕೊಂಡರು.

ಹಾಲಿನಲ್ಲಿ ನಾಲ್ವರೂ ಕೂತರು. ಗೋಡೆ ಗಡಿಯಾರದ ಶಬ್ದ, ಹೊರಗೆ ಮಳೆ. ಬಾಗಿಲ ಆಚೆ ರತ್ನಾವತಿ ಊಟ ಮಾಡುತ್ತಿದ್ದಾಳೆ ಎಂದು ಲೀಲಾಧರ ನಂಬಿದ್ದನೋ ಇಲ್ಲವೋ, ಅದು ಅವನಿಗೇ ತಿಳಿಯದು. ಅವಳು ಮೊದಲು ಕೂತು ತಾನು ಹೊರಗೆ ಕಾಯುತ್ತಿರುವುದು ಮಾತ್ರ ಅವನಿಗೆ ಸರಿಯೆನಿಸಿತು. ಅಕ್ಕ ಸಾಕು ಎಂದು ಕೈಸನ್ನೆ ಮಾಡಿದ ಮೇಲೂ ಇನ್ನೂ ಐದು ನಿಮಿಷ ಬಿಟ್ಟು ಎದ್ದು, ಕೆಮ್ಮಿ, ಬಾಗಿಲು ತಟ್ಟಿದ.

ಊಟಕ್ಕೆ ಎಲ್ಲರನ್ನೂ ಕೂರಿಸಿ ಲೀಲಾಧರ ತಾನೇ ಬಡಿಸಿದ. ಬಾಣಲೆ ಹಿಡಿದು ಒಬ್ಬೊಬ್ಬರಿಗೂ ಹಾಕಿ, ಎರಡನೇ ಸಲ ಬೇಕೇ ಎಂದು ನಿಂತ. ಯಾರೂ ಬೇಡ ಎನ್ನಲಿಲ್ಲ, ಬೇಕು ಎಂದೂ ಎನ್ನಲಿಲ್ಲ. ತಲೆ ತಗ್ಗಿಸಿ ತಿನ್ನುತ್ತಿದ್ದರು. ಅಕ್ಕ ಅವನನ್ನು ಕೈಹಿಡಿದು ಕೂರಿಸಿ, ಉಳಿದಿದ್ದ ಕಾಲಿನ ತುಂಡನ್ನು ಅವನ ತಟ್ಟೆಗೆ ಹಾಕಿದಳು. ಅವನು ಅದನ್ನು ಎತ್ತಿ ಪಕ್ಕದಲ್ಲಿದ್ದ ಸೋನಾಲಿಯ ತಟ್ಟೆಗೆ ಹಾಕಿದ. ಮೂವತ್ತೊಂಬತ್ತು ವರ್ಷದ ತಪ್ಪು ಒಂದೇ ತುಂಡಿನಲ್ಲಿ ತೀರಿತೆಂದು ಅವನಿಗೆ ಎದೆ ಹಗುರವಾಯಿತು.

ಸೋನಾಲಿ ತುಂಡನ್ನು ನೋಡಿದಳು, ಗಂಡನನ್ನು ನೋಡಿದಳು.

“ಬಾಬಾ, ನನಗೆ ಲೆಗ್ ಪೀಸ್ ಇಷ್ಟ ಇಲ್ಲ.”

ರಂಜನ್ ಕೆಮ್ಮಿದ. ಲೀಲಾಧರ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟ. ಇವಳನ್ನೂ ಅವನು ಕೇಳಿರಲಿಲ್ಲ. ಸೊಸೆಯಾಗಿ ಬಂದು ಆರು ವರ್ಷ. ಅವನು ಅವಳ ಕಡೆಗೆ ತಿರುಗಿ ಕೂತ. ಗಲ್ಲೆಯ ಮೇಲಿಂದ ದಿನಕ್ಕೆ ಮುನ್ನೂರು ಸಲ ಕೇಳಿದ ಮಾತನ್ನು ಈಗ ಮನೆಯಲ್ಲಿ ಮೊದಲ ಸಲ ಕೇಳಿದ.

“ಮತ್ತೆ ನಿನಗೆ ಎಂತ ಬೇಕು, ಮಗಾ?”

ಸೋನಾಲಿ, ಕೇಳಿದ್ದು ನಿಜವಾಗಿಯೋ ಎಂದು ಅವನ ಮುಖ ನೋಡಿದಳು.

“ಕೀಮಾನೇ ಬೇಕು. ಆದ್ರೆ ಬಾಬಾ, ಉಪ್ಪಿಲ್ಲ. ನಾನೇ ಹೇಳಲಿಕ್ಕೆ ಮರೆತೆ.”

ಲೀಲಾಧರ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಸಪ್ಪೆ, ಮಣ್ಣಿನಂತೆ. ಗೋಡೆಯ ಮೇಲಿನ ಹಾಳೆಯಲ್ಲಿ ಉಪ್ಪಿನ ಸಾಲು ಇರಲಿಲ್ಲ. ಆರ್ಡರಿನಲ್ಲಿ ಇಲ್ಲದ್ದು ಹೋಗಿರಲಿಲ್ಲ. ಅವನು ಅಕ್ಕನನ್ನು ನೋಡಿದ, ಮಗನನ್ನು ನೋಡಿದ. ಅವರಿಬ್ಬರ ತಟ್ಟೆಯಲ್ಲೂ ಕೀಮಾ ಮುಕ್ಕಾಲು ಖಾಲಿಯಾಗಿತ್ತು. ಬಾಯಿ ಬಿಡದೆ ನುಂಗಿದ್ದರು.

“ಹೇಳಬಾರದಿತ್ತಾ?” ಎಂದ. ಅಂದವನಿಗೇ ಆ ಮಾತು ಚುರುಕ್ಕೆಂದಿತು. ಈ ಮನೆಯಲ್ಲಿ ಹೇಳದೆ ಉಣ್ಣುವುದನ್ನು ಎಲ್ಲರೂ ಒಬ್ಬಳಿಂದಲೇ ಕಲಿತಿದ್ದರು.

ಜಯಲತಾ ಅಕ್ಕ, ಎಲೆ ಎತ್ತುವವರೆಗೆ ಹೇಳಬಾರದೆಂದು ಸುಮ್ಮನಿದ್ದೆ, ಸತ್ತವರಿಗೆ ಉಪ್ಪು ಹೆಚ್ಚು ಕಡಿಮೆ ಎಂದಿಲ್ಲ ಮಾರಾಯ ಎಂದು ಸಮಾಧಾನ ಹೇಳಿದಳು. ಅವನು ಎದ್ದು ಅಡಿಗೆಮನೆಗೆ ಹೋಗಿ ಬಾಣಲೆಯನ್ನು ಒಲೆಯ ಮೇಲಿಟ್ಟ. ಬಿಸಿನೀರಿನಲ್ಲಿ ಉಪ್ಪು ಕರಗಿಸಿ, ಸುತ್ತಲೂ ಚಿಮುಕಿಸಿ, ಸೌಟು ಆಡಿಸಿ, ಈ ಸಲ ನಾಲಿಗೆಗೆ ಮುಟ್ಟಿಸಿ ನೋಡಿದ. ಇನ್ನೊಂದು ಚಿಟಿಕೆ ಬೇಕಿತ್ತು, ಹಾಕಿದ. ತಳ ಮತ್ತೆ ಕೆಂಪಾಗುವವರೆಗೆ ಕಾದ.

ಹಾಲಿನಲ್ಲಿ ಸೋನಾಲಿ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಅವನು ಬಾಣಲೆ ಹಿಡಿದು ಅವಳನ್ನು ದಾಟಿ, ಬೆಡ್‌ರೂಮಿನ ಬಾಗಿಲಿಗೆ ಹೋಗಿ, ಒಮ್ಮೆ ಕೆಮ್ಮಿದ. ಒಳಗೆ ಕೂತು ಎಲೆಯ ಮೇಲಿದ್ದ ಸಪ್ಪೆ ಕೀಮಾವನ್ನು ಬದಿಗೆ ಸರಿಸಿ, ಹೊಸದನ್ನು ಎರಡು ಸೌಟು ಹಾಕಿದ.

“ಈಗ ನೋಡು. ಸರಿ ಉಂಟಾ?” ಎಂದು ಕೇಳಿ, ಸ್ವಲ್ಪ ಹೊತ್ತು ಅಲ್ಲಿಯೇ ಕೂತಿದ್ದು, ಆಮೇಲೆ ಸೋನಾಲಿಗೆ ಬಡಿಸಲು ಎದ್ದ.